ಒಂದು ಭರತಿ ಕಾಯುವುದು

"ಇವತ್ತೂ ಮುಳುಗೋತು, ಅವ್ವಿ," ಎನ್ನುತ್ತ ಮಗಳು ನೇತ್ರಾ ಬಾಗಿಲಲ್ಲಿ ಚಪ್ಪಲಿ ಬಿಟ್ಟಳು.

"ಎಷ್ಟನೇ ಸರದಿಗೆ?"

"ಐವತ್ತೆರಡು. ನಿನ್ನೆಗಿಂತ ಒಂದು ಸರದಿ ಹೆಚ್ಚು ಬದುಕಿದ್ವು. ಪಾಯಸ ಮಾಡ್ತೆಯಾ?"

ಮುಳುಗಿದ್ದು ನಮ್ಮ ಊರು. ನೆಲದ ಮೇಲಲ್ಲ, ಹೊಳೆಯಾಚೆ ಆಟದ ಮನೆಯ ಮೇಜಿನ ಮೇಲೆ. ಆದರೆ ಮೇಜಿನ ಮೇಲೆ ಮುಳುಗಿದ್ದನ್ನು ಆಮೇಲೆ ನೆಲದ ಮೇಲೂ ಮುಳುಗಲು ಬಿಡುತ್ತಾರೆಂಬುದು ಅಷ್ಟೊತ್ತಿಗೆ ಎಲ್ಲರಿಗೂ ಗೊತ್ತಾಗಿತ್ತು.

ನಮ್ಮದು ತಾರಿಕೂರ್ವೆ. ಕೂರ್ವೆ ಎಂದರೆ ಹೊಳೆ ಸಮುದ್ರ ಸೇರುವಲ್ಲಿ ನೀರಿನ ನಡುವೆ ಎದ್ದ ನೆಲ. ಮೂವತ್ತೆಂಟು ಮನೆ, ಒಂದು ಶಾಲೆ, ಸುತ್ತ ಗಜನಿ ಗದ್ದೆ. ಗಜನಿಗೆ ಉಪ್ಪುನೀರು ಬಂದು ಹೋಗುತ್ತದೆ. ಮಳೆಗಾಲದಲ್ಲಿ ಅಲ್ಲಿ ಕಗ್ಗ ಎಂಬ ಭತ್ತ, ಬೇಸಿಗೆಯಲ್ಲಿ ಅದೇ ನೆಲದಲ್ಲಿ ಸಿಗಡಿ, ಮೀನು. ಕಗ್ಗಕ್ಕೆ ಉಪ್ಪಿನ ಹೆದರಿಕೆಯಿಲ್ಲ, ಕೆಲವು ದಿನ ನೀರಡಿ ನಿಂತರೂ ಸಾಯುವುದಿಲ್ಲ. ಗದ್ದೆಗೂ ಹೊಳೆಗೂ ನಡುವೆ ಮಣ್ಣಿನ ಕಟ್ಟೆ, ಕಟ್ಟೆಯಲ್ಲಿ ಮರದ ಬಾಗಿಲು. ಆ ಬಾಗಿಲು ಎತ್ತುವುದು, ಇಳಿಸುವುದು ನಮ್ಮ ಮನೆಯ ಕೆಲಸ. ಅತ್ತೆ ಮಾಡಿದರು, ಗಂಡ ಮಾಡಿದರು, ಅವರು ಹೋದ ಮೇಲೆ ನಾನು ಮಾಡಿದೆ.

ಸಮುದ್ರ ಏರತೊಡಗಿದ ಮೇಲೆ ಮರದ ಬಾಗಿಲು ಸಾಲದಾಯಿತು. ಹೊಳೆಬಾಯಿಗೆ ಇಪ್ಪತ್ತೆರಡು ಉಕ್ಕಿನ ಕದಗಳ ದೊಡ್ಡ ಒಡ್ಡು ಬಂತು. ಕದ ಏರಿಸಿ ಇಳಿಸುವುದು ಯಂತ್ರ. ಯಂತ್ರಕ್ಕೆ ಕೈಯಿತ್ತು, ಯಾವಾಗ ತೆರೆಯಬೇಕು, ಯಾರ ಕಡೆ ನೋಡಬೇಕು ಎಂಬ ನಿಯಮ ಇರಲಿಲ್ಲ. ಹೊಳೆಯಾಚೆಯ ಪೇಟೆಯವರು ಒಂದು ಹೇಳಿದರು, ನಾವು ಒಂದು ಹೇಳಿದೆವು. ಮೂರು ವರ್ಷ ಸಭೆ ನಡೆದು ಕುರ್ಚಿಗಳು ಮುರಿದ ಮೇಲೆ ಸರ್ಕಾರ ಆಟ ತಂದಿತು. ಜಗಳ ಆಡುವ ಬದಲು ಆಟ ಆಡಿ, ಯಾವ ನಿಯಮಕ್ಕೆ ಹೆಚ್ಚು ಅಂಕ ಬರುತ್ತದೋ ಅದನ್ನೇ ಯಂತ್ರಕ್ಕೆ ಕಲಿಸುತ್ತೇವೆ ಎಂದಿತು.

ಆಟಕ್ಕೆ ಮೂರು ಕುರ್ಚಿ. ಪೇಟೆಯದೊಂದು, ಕೂರ್ವೆಯದೊಂದು. ಮೂರನೆಯದು ಸಮುದ್ರದ್ದು, ಅದನ್ನು ಯಂತ್ರವೇ ಆಡುತ್ತದೆ. ಒಂದು ಸರದಿ ಎಂದರೆ ಹುಣ್ಣಿಮೆಯೋ ಅಮಾವಾಸ್ಯೆಯೋ ತರುವ ಒಂದು ದೊಡ್ಡ ಭರತಿ, ಅಂದರೆ ಉಬ್ಬರ. ಸಮುದ್ರ ಏರುತ್ತದೆ; ಆಮೇಲೆ ಎರಡೂ ಕಡೆಯವರು ಒಂದೊಂದು ಕೆಲಸ ಮಾಡಬೇಕು. ಕಟ್ಟೆ ಏರಿಸಬಹುದು, ಕದ ತೆರೆಯಬಹುದು, ಮುಚ್ಚಬಹುದು, ಬಿತ್ತಬಹುದು, ಮೀನು ಹಿಡಿಯಬಹುದು. ಹೀಗೆ ಅರವತ್ತು ಸರದಿ, ಅಂದರೆ ಎರಡೂವರೆ ವರ್ಷ, ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ.

ಒಟ್ಟು ಇಪ್ಪತ್ತೊಂದು ಆಟ ಎಂದು ನಿಗದಿಯಾಗಿತ್ತು. ಹತ್ತೊಂಬತ್ತು ಮುಗಿದಿದ್ದವು. ಹತ್ತೊಂಬತ್ತರಲ್ಲೂ ಮೂರನೇ ಮಳೆಗಾಲ ದಾಟುವ ಮೊದಲೇ ನಮ್ಮ ಕೂರ್ವೆ ನೀರಿಗೆ ಹೋಗಿತ್ತು. ಹೇಗೂ ಮುಳುಗುವ ನೆಲಕ್ಕೆ ಕದ ಕಾಯುವುದು ದಂಡ, ಮೂವತ್ತೆಂಟು ಮನೆಗಳನ್ನು ಗುಡ್ಡದ ಮೇಲಿನ ಹೊಸ ಕಾಲನಿಗೆ ಒಯ್ದರೆ ಎಲ್ಲರಿಗೂ ಅಂಕ ಹೆಚ್ಚು ಎಂದು ಯಂತ್ರ ಲೆಕ್ಕ ಹಾಕಿತ್ತು. ಶನಿವಾರ ಕೊನೆಯ ಆಟ.

ಜನ ಮೊದಲು ನಕ್ಕರು, ಆಮೇಲೆ ನಂಬಿದರು. ಮನೆ ಬಾಗಿಲುಗಳ ಮೇಲೆ ಕೆಂಪು ಬಣ್ಣದಲ್ಲಿ ನಂಬರು ಬಂತು. ಚಿಪ್ಪು ಸುಟ್ಟು ಸುಣ್ಣ ಮಾಡುವ ಗಣಪಿ ಗೂಡನ್ನು ಮತ್ತೆ ಕಟ್ಟಲಿಲ್ಲ. ಪಕ್ಕದ ಮನೆಯವರು ಹಂಚು ಇಳಿಸಿ ಅಂಗಳದಲ್ಲಿ ಜೋಡಿಸಿಟ್ಟರು. ಎಲ್ಲಕ್ಕಿಂತ ಹೆಚ್ಚು ನನಗೆ ಕಂಡದ್ದು ಬೀಜದ ಮುಡಿ. ಕಗ್ಗದ ಬೀಜವನ್ನು ಹುಲ್ಲಿನಲ್ಲಿ ಸುತ್ತಿ ಮುಡಿ ಕಟ್ಟಿ ಅಟ್ಟದ ಮೇಲೆ ಇಟ್ಟಿರುತ್ತೇವೆ. ಮೊದಲ ಮಳೆಗೆ ಮುಡಿಯನ್ನೇ ನೀರಿಗೆ ಹಾಕಿ ಮೊಳಕೆ ಬರಿಸುತ್ತೇವೆ. ಆ ವರ್ಷ ಮೊದಲ ಮಳೆ ಬಂದು ಆರು ದಿನವಾಗಿತ್ತು. ಒಂದು ಮನೆಯಲ್ಲೂ ಮುಡಿ ಅಟ್ಟದಿಂದ ಇಳಿದಿರಲಿಲ್ಲ. ಇನ್ನೊಂದು ವಾರ ಹೋದರೆ ಬಿತ್ತಿಯೂ ಪ್ರಯೋಜನವಿಲ್ಲ. ಬಿತ್ತದ ಗಜನಿಯ ಕಟ್ಟೆಯನ್ನು ಯಾರೂ ರಿಪೇರಿ ಮಾಡುವುದಿಲ್ಲ, ರಿಪೇರಿಯಿಲ್ಲದ ಕಟ್ಟೆಯನ್ನು ಸಮುದ್ರ ಬಿಡುವುದಿಲ್ಲ. ಆಟ ಹೇಳಿದ್ದು ತಾನಾಗಿ ನಿಜವಾಗುತ್ತಿತ್ತು.

"ನಾಳೆ ನೀನೇ ಬಾ," ಎಂದಳು ನೇತ್ರಾ, ಅನ್ನಕ್ಕೆ ಸಾರು ಹಾಕಿಕೊಳ್ಳುತ್ತ. "ನಂಗೆ ಮುಳುಗ್ಸಿ ಮುಳುಗ್ಸಿ ಸಾಕಾಯ್ತು. ಒಂದ್ಸಲ ನೀ ಮುಳುಗ್ಸು."

"ನಂಗೆ ಆ ಗುಂಡಿ ಒತ್ತೂಕೆ ಬರೂದಿಲ್ಲ."

"ನಾ ಒತ್ತತೆ. ನೀ ಹೇಳು ಸಾಕು."

ಮರುದಿನ ಬೆಳಿಗ್ಗೆ ತಾರಿ ದೋಣಿಯಲ್ಲಿ ಹೊಳೆ ದಾಟಿದೆವು. ಆಟದ ಮನೆ ಎಂದರೆ ಬಂದರಿನ ಹಳೆಯ ಮೀನು ಹರಾಜಿನ ಕಟ್ಟಡ. ಒಳಗೆ ತಂಪು. ಗೋಡೆ ತುಂಬ ಪರದೆಗಳು, ಅವುಗಳಲ್ಲಿ ಹೊಳೆಬಾಯಿಯ ನಿಜವಾದ ಕದಗಳ ಚಿತ್ರ. ನಡುವೆ ನಾಲ್ಕು ಮಂಚದಷ್ಟು ದೊಡ್ಡ ಮೇಜು. ಮೇಜಿನ ಮೇಲೆ ಸಾವಿರಾರು ಸಣ್ಣ ಕಡ್ಡಿಗಳು, ಅವು ತಾವಾಗಿ ಏಳುತ್ತವೆ, ತಗ್ಗುತ್ತವೆ. ಕಡ್ಡಿಗಳೇ ಗುಡ್ಡ, ಕಡ್ಡಿಗಳೇ ಕಟ್ಟೆ. ಅವುಗಳ ಮೇಲೆ ನೀಲಿ ಬೆಳಕು ಬಿದ್ದರೆ ನೀರು. ನಮ್ಮ ಕೂರ್ವೆಯನ್ನು ನಾನು ಕೂಡಲೇ ಗುರುತಿಸಿದೆ. ಶಾಲೆಯ ಹಿಂದಿನ ತಗ್ಗು ಕೂಡ ಇತ್ತು. ಮಾಡಿದವರು ಕಣ್ಣಿಟ್ಟು ಮಾಡಿದ್ದರು.

ಮಾಡಿದವಳು ಶಾಂಭವಿ ಕೋರಿ ಎಂಬ ಗದುಗಿನ ಕಡೆಯ ಹೆಣ್ಣುಮಗಳು. ಮೂವತ್ತು ದಾಟಿರಬಹುದು. ನನ್ನ ವಯಸ್ಸು ನೋಡಿ ಎದ್ದು ನಿಂತಳು. "ಬರ್ರಿ ಆಯಿ, ಕೂಡ್ರಿ. ಚಾ ಕುಡೀತೀರಿ?"

ಪೇಟೆಯ ಕುರ್ಚಿಯಲ್ಲಿ ಖಾನಾವಳಿಯ ಹಮ್ಮಣ್ಣ ನಾಯಕ ಕೂತಿದ್ದ. ನನಗಿಂತ ಹತ್ತು ವರ್ಷ ಚಿಕ್ಕವ. ಅವನ ಅಡುಗೆಮನೆಗೆ ನಾನು ಸಿಗಡಿ ಕೊಟ್ಟ ಕಾಲವೂ ಇತ್ತು. "ಏನು ಮಂಕಾಳಕ್ಕ," ಎಂದ. "ಮಗಳು ಸೋತಳು ಅಂತ ಅವ್ವಿಯನ್ನ ಕರ್ಕಂಡು ಬಂದಳಾ? ಶಾಲೆಗೆ ಹೆಡ್‌ಮಾಸ್ತರು ಕರೆಸಿದ ಹಾಂಗೆ ಆತು."

"ನೀ ಗೆದ್ದು ಎಂತ ಮಾಡಿದೆಯಾ, ಅದನ್ನ ನೋಡೂಕೆ ಬಂದೆ," ಎಂದೆ.

ಆಟ ಶುರುವಾಯಿತು. ಆಟದಲ್ಲಿ ಮೊದಲ ಮಳೆಗಾಲ. ಹುಣ್ಣಿಮೆಯ ಭರತಿ ಏರಿ ಗಜನಿಗೆ ನೀರು ತುಂಬಿತು. ನೇತ್ರಾ ನನ್ನ ಮುಖ ನೋಡಿದಳು.

"ಎಂತ ಮಾಡೂದು?"

"ಕಾಯೂದು," ಎಂದೆ. "ಒಂದು ಭರತಿ."

ಅವಳು ಮೇಜಿನ ಅಂಚಿನ ಬಿಳಿ ಗುಂಡಿ ಒತ್ತಿದಳು. ಯಾವ ಕೆಲಸವೂ ಮಾಡದಿದ್ದಾಗ ಒತ್ತುವ ಗುಂಡಿ ಅದು. ಹತ್ತೊಂಬತ್ತು ಆಟದಲ್ಲೂ ಅವಳು ಹಾಗೆಯೇ ಮಾಡಿದ್ದಳು. ಬೇರೆ ಮಾಡಲು ಅವಳಿಗೆ ತೋಚುವುದೂ ಇಲ್ಲ. ನಮ್ಮಲ್ಲಿ ಮಳೆಗಾಲದ ದೊಡ್ಡ ಭರತಿಗೆ ನೀರು ಒಳಗೆ ಬಂದ ಕೂಡಲೇ ಬಾಗಿಲು ಎತ್ತಿ ಹೊರಗೆ ಬಿಡುವುದಿಲ್ಲ. ಗುಡ್ಡದಿಂದ ಬಂದ ಕೆಂಪು ನೀರು ಅದು. ಗದ್ದೆಯಲ್ಲಿ ಒಂದು ಭರತಿ ನಿಂತರೆ ಕೆಸರು ಕೆಳಗೆ ಕೂರುತ್ತದೆ. ಆಮೇಲೆ ತಿಳಿನೀರನ್ನು ಬಿಡುತ್ತೇವೆ, ನೆಲ ನಮ್ಮ ಹತ್ತಿರ ಉಳಿಯುತ್ತದೆ. ಕೂರ್ವೆಯ ಮಕ್ಕಳು ಇದನ್ನು ಯಾರಿಂದಲೂ ಕೇಳಿ ಕಲಿಯುವುದಿಲ್ಲ, ನೋಡಿ ಕಲಿಯುತ್ತಾರೆ.

ಮೂರನೇ ಸರದಿಗೂ ಕಾದೆವು. ಐದನೇ ಸರದಿಗೂ ಕಾದೆವು. ಆಗ ನೋಡಿದೆ. ಕೂರ್ವೆಯ ಪಡುವಣ ಅಂಚಿನಲ್ಲಿ ಕಡ್ಡಿಗಳು ಒಂದು ಬೆರಳು ತಗ್ಗಿದವು.

"ಇದ್ಯಾಕೆ ಇಳೀತು?"

"ದಿನಾ ಇಳೀತದೆ, ಅವ್ವಿ," ಎಂದಳು ನೇತ್ರಾ.

ನಾನು ಕೈ ಚಾಚಿ ಕಡ್ಡಿಗಳ ಮೇಲೆ ಬೆರಳಿಟ್ಟೆ. "ಕಾದದ್ದಕ್ಕೆ ಏರಬೇಕಿತ್ತು. ಇಳಿಸಿದ್ದು ಯಾರು?"

ಶಾಂಭವಿ ಹತ್ತಿರ ಬಂದಳು. "ಅದು ನಿಯಮ ಐತ್ರಿ ಆಯಿ. ಹತ್ತು ಸರದಿ ಒಳಗ ಮೂರು ಸಲ ಬಿಳಿ ಗುಂಡಿ ಒತ್ತಿದ್ರ, ಆ ಕುರ್ಚಿಯೊಳಗ ಯಾರೂ ಇಲ್ಲ ಅಂತ ಯಂತ್ರ ತಿಳ್ಕೋತೈತಿ. ನೋಡೋರಿಲ್ಲದ ಕಟ್ಟಿ ಸವೀತೈತಿ. ಅದಕ್ಕ ಇಳಿಸ್ತೈತಿ."

"ನಾವು ಇಲ್ಲೇ ಇದ್ದೇವಲ್ಲ."

"ಯಂತ್ರಕ್ಕ ಕಾಣಂಗಿಲ್ಲರಿ. ಒತ್ತಿದ್ದಷ್ಟ ಕಾಣತೈತಿ."

ನೇತ್ರಾಳ ಮುಖ ಕೆಂಪಾಯಿತು. "ಹಾಂಗಂದ್ರೆ ಹತ್ತೊಂಬತ್ತು ಆಟ ನಾ ಇಲ್ಲಿ ಕೂತಿದ್ದೆ, ನಿಮ್ಮ ಮಷಿನ್ನಿಗೆ ನಾ ಇರಲೇ ಇಲ್ಲ. ಮೊದಲೇ ಯಾಕೆ ಹೇಳಲಿಲ್ಲ?"

"ನಿಯಮದ ಪುಸ್ತಕದೊಳಗ ಐತ್ರಿ, ನಲವತ್ತನೇ ಪುಟ," ಎಂದಳು ಶಾಂಭವಿ ಮೆಲ್ಲಗೆ. "ನೀವು ಬೇಕಂತನ ಒತ್ತಾಕತ್ತೀರಿ, ಅಂಕ ಹೋದ್ರೂ ಅಡ್ಡಿಯಿಲ್ಲ ಅಂತ ಏನೋ ಲೆಕ್ಕ ಐತಿ ಅಂದ್ಕೊಂಡಿದ್ದೆ. ಹೊರಗಿನಾಕಿ ನಾನು, ಆಡೋರಿಗೆ ಹಿಂಗ ಆಡ್ರಿ ಅಂತ ಹೇಳಬಾರದು."

ನಾನು ಅವಳನ್ನು ಬೈಯಲಿಲ್ಲ. ಆ ನಿಯಮ ಅವಳು ಸುಮ್ಮನೆ ಹಾಕಿದ್ದಲ್ಲ, ಕಾರಣವಿತ್ತು. ಕೇಳಿದಾಗ ಹೇಳಿದಳು. ಮೊದಲ ಪರೀಕ್ಷೆಯ ಆಟಗಳಲ್ಲಿ ಕಾಯುವುದಕ್ಕೆ ದಂಡವಿರಲಿಲ್ಲ. ಆಗ ಒಂದು ಕಡೆಯವರು ಬರೀ ಬಿಳಿ ಗುಂಡಿ ಒತ್ತುತ್ತ ಕೂತರು. ಎದುರಿನವರು ಕಟ್ಟೆ ಕಟ್ಟಿ ಸುಸ್ತಾದ ಮೇಲೆ ಇವರು ಎದ್ದು ಮೀನು ಬಾಚಿದರು.

"ಯಾವ ಕಡೆಯವರು?" ಎಂದೆ.

ಶಾಂಭವಿ ಹಮ್ಮಣ್ಣನನ್ನು ನೋಡಿದಳು. ಹಮ್ಮಣ್ಣ ಸೂರು ನೋಡಿದ. "ಕೂತು ಉಣ್ಣೂದನ್ನ ಪೇಟೆಯವರಿಗೆ ಯಾರಾದ್ರೂ ಕಲಿಸ್ಬೇಕಾ?" ಎಂದ ಆಮೇಲೆ. ನೇತ್ರಾಳಿಗೂ ನಗು ಬಂತು.

"ನೋಡು ತಂಗಿ," ಎಂದೆ ಶಾಂಭವಿಗೆ. "ಅವ ಒತ್ತಿದ್ದೂ ಅದೇ ಗುಂಡಿ, ನಾವು ಒತ್ತಿದ್ದೂ ಅದೇ. ಅವ ಸುಮ್ಮನೆ ಕೂತಿದ್ದ. ನಾವು ಕೆಸರು ಕೂರ್ಸ್ತಾ ಇದ್ವು. ಬಾಗಿಲ ಹತ್ತಿರ ಸೊಂಟದ ಮಟ್ಟ ನೀರಲ್ಲಿ ನಿಂತು ಕಾಯ್ತಿದ್ವು. ಅಂಗೈಯಲ್ಲಿ ನೀರು ಹಿಡಿದ್ರೆ ಕೈಗೆರೆ ಕಾಣಬಾರ್ದು, ಅಷ್ಟು ಕೆಸರಿರಬೇಕು. ಹಾಂಗಿದ್ರೆ ಮಾತ್ರ ಕಾಯೂದು."

ಅವಳು ಬರೆದುಕೊಂಡಳು. ಆಮೇಲೆ ಪೆನ್ನು ಕೆಳಗಿಟ್ಟಳು. "ನಾ ನಂಬತೀನ್ರಿ ಆಯಿ. ಯಂತ್ರ ನಂಬಬೇಕಂದ್ರ ಅಂಕಿ ಬೇಕು. ಕಾದ್ರ ನೆಲ ಎಷ್ಟು ಏರತೈತಿ? ಒಂದು ವರ್ಷದ್ದಲ್ಲ, ಹತ್ತಿಪ್ಪತ್ತು ವರ್ಷದ್ದು ಬೇಕು. ಶನಿವಾರದೊಳಗ ಎಲ್ಲಿಂದ ತರೂದು?"

"ನಮ್ಮನೆ ಅಡುಗೆಮನೆಗೆ ಬಾ," ಎಂದೆ.

ಹೊಸ ಕದ ಬಂದಾಗ ಹಳೆಯ ಮರದ ಬಾಗಿಲನ್ನು ಕಿತ್ತುಹಾಕಿದ್ದರು. ಹಲಗೆಗಳು ಕೊಳೆತಿದ್ದವು, ಸೌದೆಗೆ ಹೋದವು. ಆದರೆ ಒಂದು ಕಂಬ ಗಟ್ಟಿಯಿತ್ತು. ಅದನ್ನು ನಾನು ಮನೆಗೆ ತಂದು ಒಲೆಯ ಪಕ್ಕ ಸೂರಿಗೆ ಆಸರೆಯಾಗಿ ನಿಲ್ಲಿಸಿದ್ದೆ. ಹೊಗೆ ಹಿಡಿದು ಕಪ್ಪಾಗಿತ್ತು. ನೇತ್ರಾ ಅದಕ್ಕೆ ಜರಡಿ, ಮೊರ ತೂಗುಹಾಕುತ್ತಿದ್ದಳು.

ಆ ಮಧ್ಯಾಹ್ನವೇ ಶಾಂಭವಿ ದೋಣಿ ಹತ್ತಿ ಬಂದಳು. ನೀರಿನ ಅಭ್ಯಾಸವಿಲ್ಲ, ಎರಡೂ ಕೈಯಲ್ಲಿ ದೋಣಿಯಂಚು ಹಿಡಿದುಕೊಂಡಿದ್ದಳು. ಹಮ್ಮಣ್ಣನೂ ಬಂದ. ಯಾಕೆ ಎಂದು ಕೇಳಿದರೆ, ಕಾಲನಿಗೆ ಹೋದ ಮೇಲೆ ನಿಮ್ಮನೆ ಮೀನುಸಾರು ಸಿಗೂದಿಲ್ವಲ್ಲ, ಈಗಲೇ ಉಂಡು ಬರ್ತೆ ಎಂದ.

ನಾನು ಒದ್ದೆ ಬಟ್ಟೆಯಿಂದ ಕಂಬದ ಮಸಿ ಒರೆಸಿದೆ. ಗೀರುಗಳು ಕಂಡವು. ಪ್ರತಿವರ್ಷ ಮಳೆಗಾಲ ಮುಗಿದು ಕೆಸರು ಗಟ್ಟಿಯಾದ ಮೇಲೆ ನೆಲ ಎಲ್ಲಿಯವರೆಗೆ ಬಂತೋ ಅಲ್ಲಿ ಕತ್ತಿಯಿಂದ ಒಂದು ಗೀರು. ಅತ್ತೆ ಹಾಕಿದವು ಕೆಳಗೆ, ಅಡ್ಡಡ್ಡ, ಆಳವಾಗಿ. ಗಂಡ ಹಾಕಿದವು ಸಣ್ಣವು. ಮೇಲಿನವು ನನ್ನವು. ಒಟ್ಟು ಐವತ್ತೊಂದು.

ಶಾಂಭವಿ ಚೀಲದಿಂದ ಒಂದು ಸಣ್ಣ ದೀಪ ತೆಗೆದಳು. ಅದರ ಬೆಳಕಿನ ಗೆರೆ ಕಂಬದ ಮೇಲೆ ಬುಡದಿಂದ ತುದಿಯವರೆಗೆ ಹರಿಯಿತು, ಅವಳ ಕೈಯ ಪರದೆಯಲ್ಲಿ ಅಂಕಿಗಳು ಇಳಿದವು. ನೋಡುತ್ತ ನೋಡುತ್ತ ಅವಳು ನೆಲದ ಮೇಲೆ ಕೂತೇಬಿಟ್ಟಳು.

"ಇಲ್ಲಿ ಎರಡು ಗೀರು ಒಂದರ ಮ್ಯಾಲೊಂದು ಅದಾವಲ್ಲ, ಆಯಿ?"

"ಆ ವರ್ಷ ಪೇಟೆ ಕಡೆ ಹೆದ್ದಾರಿ ಸೇತುವೆ ಕಟ್ಟುವವರು ಬಂದಿದ್ರು. ಮಳೆಗಾಲ ಪೂರ್ತಿ ಬಾಗಿಲು ಮುಚ್ಚಿ ಅಂದ್ರು. ನೀರೂ ಬರ್ಲಿಲ್ಲ, ಕೆಸರೂ ಬರ್ಲಿಲ್ಲ. ನೆಲ ಇದ್ದಲ್ಲೇ ಇತ್ತು."

"ಇಲ್ಲಿ?"

"ನಮ್ಮ ಗಂಡಸ್ರಿಗೆ ಕಾಲು ಮುರಿದ ವರ್ಷ. ಬಾಗಿಲು ನೋಡೂಕೆ ಬೇರೆಯವ್ರನ್ನ ನಿಲ್ಸಿದ್ವು. ಅವ್ರು ನೀರು ಬಂದ ಕೂಡ್ಲೇ ಬಿಡ್ತಿದ್ರು. ಕಾಯೂಕೆ ಬೇಜಾರು."

ಒಂದೊಂದು ಗೀರಿಗೂ ಅವಳು ಕೇಳಿದಳು, ನಾನು ಹೇಳಿದೆ. ಕಾದ ವರ್ಷ ಒಂದು ಬೆರಳು, ಒಂದೂವರೆ ಬೆರಳು. ಕಾಯದ ವರ್ಷ ಏನೂ ಇಲ್ಲ. ಅವಳು ಪರದೆಯನ್ನು ಹಮ್ಮಣ್ಣನಿಗೆ ತೋರಿಸಿ, "ಸಮುದ್ರ ಏರಿದ್ದಕ್ಕ ಸರಿಯಾಗಿ ನೆಲಾನೂ ಏರೇತಿ ನೋಡ್ರಿ. ಐವತ್ತು ವರ್ಷ. ಸಿಮೆಂಟಿಲ್ಲ, ಕಬ್ಬಿಣಿಲ್ಲ," ಎಂದಳು. ಹಮ್ಮಣ್ಣ ಉಣ್ಣುತ್ತಿದ್ದ, ಕೈ ತಟ್ಟೆಯಲ್ಲೇ ನಿಂತಿತು.

ಆಗ ಅವಳ ಬೆಳಕು ಒಂದು ಕಡೆ ತಡೆಯಿತು. ಮೇಲಿನಿಂದ ಹನ್ನೊಂದನೆಯ ಜಾಗದಲ್ಲಿ ಗೀರಿರಲಿಲ್ಲ. ತುಕ್ಕು ಹಿಡಿದ ಮೊಳೆಯೊಂದಿತ್ತು.

"ಇದೇನ್ರಿ?"

"ಅದಾ?" ಎಂದಳು ನೇತ್ರಾ ಬೇಗ. "ಜರಡಿ ತೂಗ್ಹಾಕೂಕೆ ನಾನೇ ಹೊಡೆದದ್ದು."

ಶಾಂಭವಿ ತಲೆಯಾಡಿಸಿ ಬೆಳಕನ್ನು ಮುಂದಕ್ಕೆ ಸರಿಸಿದಳು. ನೇತ್ರಾ ನನ್ನನ್ನೇ ನೋಡುತ್ತಿದ್ದಳು. ಅವಳ ಕಣ್ಣು ಏನು ಹೇಳುತ್ತಿತ್ತೆಂದು ನನಗೆ ಗೊತ್ತಿತ್ತು. ಹತ್ತೊಂಬತ್ತು ಸಲ ಮುಳುಗಿದ ಮೇಲೆ ಮೊದಲ ಸಲ ನಮ್ಮ ಕಡೆ ಒಂದು ಅಂಕಿ ಬಂದಿದೆ, ಸುಮ್ಮನಿರು ಎನ್ನುತ್ತಿತ್ತು.

ನಾನು ಒಲೆಯ ಕೊಳ್ಳಿ ಹಿಂದಕ್ಕೆ ಎಳೆದೆ. ಸುಮ್ಮನಿರಬಹುದಿತ್ತು. ಆದರೆ ನಾಳೆ ಆ ಕದಗಳನ್ನು ಹಿಡಿಯುವುದು ಯಂತ್ರ. ನಾವು ಹೇಳಿಕೊಟ್ಟದ್ದನ್ನೇ ಅದು ಮಾಡುತ್ತದೆ. ಅರ್ಧ ಹೇಳಿದರೆ ಅರ್ಧವೇ ಮಾಡುತ್ತದೆ.

"ಆ ಮೊಳೆ ನಾ ಹೊಡೆದದ್ದು, ತಂಗಿ," ಎಂದೆ.

"ಅವ್ವಿ," ಎಂದಳು ನೇತ್ರಾ.

"ಇವಳ ಅಪ್ಪ ತೀರಿಹೋದ ವರ್ಷ ಅದು. ಬಾಗಿಲು ನಾನೊಬ್ಬಳೇ ನೋಡ್ತಿದ್ದೆ. ಅಮಾಸೆ ಭರತಿ ಬಂತು. ಯಾವಾಗಲೂ ಕಾಯ್ತೇವೆ ಅಂತ ಕಾದೆ. ಅಂಗೈಗೆ ನೀರು ತಕ್ಕಂಡು ನೋಡ್ಲಿಲ್ಲ. ನೋಡಿದ್ರೆ ಗೊತ್ತಾಗ್ತಿತ್ತು. ಗುಡ್ಡದಲ್ಲಿ ಮಳೆ ಬಿಟ್ಟು ನಾಲ್ಕು ದಿನ ಆಗಿತ್ತು. ಬಂದದ್ದು ಬರೀ ಸಮುದ್ರದ ನೀರು, ಪಡುವಣ ಗಾಳಿ ನೂಕಿಕೊಂಡು ಬಂದದ್ದು. ಕೂರೂಕೆ ಅದರಲ್ಲಿ ಕೆಸರೇ ಇಲ್ಲ, ಭಾರ ಮಾತ್ರ. ಎರಡನೇ ಭರತಿಗೆ ಕಟ್ಟೆ ಒಡೀತು. ಹನ್ನೊಂದು ಮನೆ ಬಾವಿ ಉಪ್ಪಾತು. ಎರಡು ವರ್ಷ ಕುಡಿಯೂ ನೀರನ್ನ ಪೇಟೆಯಿಂದ ದೋಣಿಯಲ್ಲಿ ತಂದ್ರು. ಊರಲ್ಲಿ ಯಾರೂ ನಂಗೆ ಒಂದು ಮಾತು ಅನ್ಲಿಲ್ಲ. ಅದಕ್ಕೇ ಮೊಳೆ ಹೊಡೆದೆ. ಗೀರು ಹಾಕೂಕೆ ಕೈ ಬರ್ಲಿಲ್ಲ."

ನೇತ್ರಾ ಅಡುಗೆಮನೆಯ ಬಾಗಿಲ ಕಡೆ ಮುಖ ತಿರುಗಿಸಿ ನಿಂತಿದ್ದಳು. ಎಲ್ಲ ಹಾಳಾಯಿತು ಎಂದುಕೊಂಡಿದ್ದಳೆಂದು ಕಾಣುತ್ತದೆ. ನಾನೂ ಹಾಗೇ ಅಂದುಕೊಂಡೆ.

ಶಾಂಭವಿ ಮೊಳೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. "ಆಯಿ," ಎಂದಳು. "ಈ ಮೊಳಿ ಇರಲಿಲ್ಲಂದ್ರ ನಾ ಇದನ್ನ ಯಂತ್ರಕ್ಕ ಹಾಕತಿರಲಿಲ್ಲ."

"ಯಾಕೆ?"

"ಯಾವಾಗ್ಲೂ ಗೆಲ್ಲೂ ನಿಯಮ ಅಂದ್ರ ನನಗ ಅಂಜಿಕಿ. ಯಾವಾಗ ಸೋಲತೈತಿ ಅಂತ ಗೊತ್ತಿದ್ರನ ಅದಕ್ಕ ಬೇಲಿ ಹಾಕಬಹುದು. ಕೆಸರಿದ್ರ ಕಾಯೂದು, ಇಲ್ಲಂದ್ರ ತೆಗಿಯೂದು. ನಿಮ್ಮ ಅಂಗೈ ಮಾಡೂ ಕೆಲಸಕ್ಕ ನನ್ನ ಹತ್ರ ಸಣ್ಣ ಕಣ್ಣು ಐತಿ, ನೀರಾಗ ಬಿಟ್ರ ಎಷ್ಟು ಕದಡೇತಿ ಅಂತ ಹೇಳತೈತಿ."

"ಅದೆಲ್ಲ ಸರಿ," ಎಂದ ಹಮ್ಮಣ್ಣ, ಕೈ ತೊಳೆದು ಬಂದು. ಮುಖದಲ್ಲಿ ಈಗ ತಮಾಷೆ ಇರಲಿಲ್ಲ. "ಇವ್ರು ಕಾದ್ರೆ ಇವ್ರ ಕಡೆಯ ಕದ ಅರ್ಧ ಮುಚ್ಚಿರ್ತದೆ. ಆ ನೀರು ಎಲ್ಲಿ ಹೋಗ್ಬೇಕು? ನಮ್ಮ ಮೀನುಪೇಟೆ ಓಣಿಗೆ ಬರ್ತದೆ. ಮೊಣಕಾಲ ಮಟ್ಟ. ಕಾಯೂದು ಇವ್ರು, ನೆನೆಯೂದು ನಾವು. ಇದು ಯಾವ ನ್ಯಾಯ, ಮಂಕಾಳಕ್ಕ?"

ಅವನ ಮಾತು ಸುಳ್ಳಲ್ಲ. ಆಟದಲ್ಲಿ ಸುಮ್ಮನೆ ಕೂತು ಉಂಡವನೇ ಅದನ್ನು ಕೇಳಿದ ಎಂಬುದು ಬೇರೆ.

"ಹಮ್ಮಣ್ಣ," ಎಂದೆ. "ನಿಮ್ಮ ಅಪ್ಪನ ಖಾನಾವಳಿ ಆ ಓಣಿಯಲ್ಲೇ ಇತ್ತಲ್ಲ. ದೊಡ್ಡ ಭರತಿ ದಿನ ಅಕ್ಕಿ ಚೀಲ ಅಟ್ಟಕ್ಕೆ ಏರಿಸ್ತಿದ್ದದ್ದು ಯಾರು?"

ಅವನು ಹುಬ್ಬು ಗಂಟಿಕ್ಕಿದ. ಆಮೇಲೆ ನೆನಪಾಯಿತು. "ಕೂರ್ವೆ ದೋಣಿ ಬರ್ತಿತ್ತು."

"ನಾವು ಕಾದ ದಿನ ಮೀನಿಗೆ ಹೋಗ್ತಿರಲಿಲ್ಲ. ದೋಣಿಗಳೆಲ್ಲ ನಿಮ್ಮ ಓಣಿಗೆ ಬರ್ತಿದ್ವು. ಅದು ರೂಢಿ ಆಗಿತ್ತು. ಪೇಟೆಗೆ ಹೆದ್ದಾರಿ ಸೇತುವೆ ಆದ ಮೇಲೆ ನಮ್ಮ ದೋಣಿ ಯಾರಿಗೂ ಬೇಡಾತು, ಮರ್ತ್ರು."

ಶಾಂಭವಿ ಎದ್ದು ನಿಂತಿದ್ದಳು. "ಕಾದ ಸರದಿಗೆ ಕೂರ್ವೆ ಮೀನು ಹಿಡಿಯಂಗಿಲ್ಲ, ದೋಣಿ ಪೇಟಿಗೆ ಹೋಗಬೇಕು," ಎಂದು ತನ್ನಷ್ಟಕ್ಕೇ ಹೇಳಿಕೊಂಡಳು. "ಹಂಗಾದ್ರ ಯಾರೂ ಸುಮ್ಮಸುಮ್ಮನ ಕಾಯಂಗಿಲ್ಲ. ದಂಡ ಬ್ಯಾಡ. ಕಾಯಾಕ ಏನರ ಕೊಡಬೇಕು, ಕೊಟ್ರ ಸಾಕು." ಅವಳು ಚಪ್ಪಲಿಯನ್ನು ಮರೆತು ದೋಣಿಯತ್ತ ಹೊರಟಳು. ನೇತ್ರಾ ಹಿಂದೆ ಹೋಗಿ ಕೊಟ್ಟು ಬಂದಳು.

ಆಮೇಲೆ ಆಟದ ಮನೆಯಲ್ಲಿ ಇನ್ನೊಂದೇ ವಿಷಯಕ್ಕೆ ವಾದ ಆಯಿತು. ಆಟದ ಕೊನೆಯ ಸರದಿ ಯಾವುದೆಂದು ಎಲ್ಲರಿಗೂ ಗೊತ್ತಿರುವುದು ಸರಿಯಲ್ಲ ಎಂದೆ. ಅರವತ್ತನೆಯದು ಬಂದ ಕೂಡಲೇ ಹಮ್ಮಣ್ಣ ಕದಗಳನ್ನೆಲ್ಲ ತೆರೆದು ಇದ್ದ ಮೀನನ್ನೆಲ್ಲ ಬಾಚುತ್ತಿದ್ದನಂತೆ. "ಮಾರನೇ ದಿನ ಎಂತ ಉಣ್ತೆ?" ಎಂದು ಕೇಳಿದರೆ, "ಮಾರನೇ ದಿನವೇ ಇಲ್ವಲ್ಲ ಅಕ್ಕಾ, ಆಟ ಮುಗೀತಲ್ಲ," ಎಂದ. ಸಮುದ್ರಕ್ಕೆ ಕೊನೆಯ ಭರತಿ ಎಂಬುದಿಲ್ಲ ಎಂದೆ. ಶಾಂಭವಿ ಯೋಚಿಸಿ, ಆಟ ಐವತ್ತು ದಾಟಿದ ಮೇಲೆ ಯಾವ ಸರದಿಗೆ ಬೇಕಾದರೂ ನಿಲ್ಲಬಹುದು, ಯಾವುದಕ್ಕೆಂದು ಯಂತ್ರ ಮೊದಲೇ ಹೇಳುವುದಿಲ್ಲ ಎಂದು ಮಾಡಿದಳು. ಅರ್ಧಕ್ಕೆ ನಿಂತಿದ್ದ ನಮ್ಮ ಇಪ್ಪತ್ತನೇ ಆಟವನ್ನು ಬದಿಗಿಟ್ಟು, ಮೇಲಿನವರ ಒಪ್ಪಿಗೆ ತೆಗೆದುಕೊಂಡಳು. ಹೊಸ ನಿಯಮದಲ್ಲಿ ಯಂತ್ರ ತಾನೇ ಸಾವಿರ ಆಟ ಆಡಿ ನೋಡಿತು. ಫಲ ಏನೆಂದು ಅವಳು ನಮಗೆ ಹೇಳಲಿಲ್ಲ. ಜನ ಆಡಿದ್ದೇ ಲೆಕ್ಕ, ಶನಿವಾರ ಬನ್ನಿ ಎಂದಳು.

ಶನಿವಾರ ಕೂರ್ವೆಯ ಅರ್ಧ ಜನ ಆಟದ ಮನೆಯಲ್ಲಿದ್ದರು. ಹಳೆಯ ಹರಾಜಿನ ಕಟ್ಟೆಯ ಮೇಲೆ ಸಾಲಾಗಿ ಕೂತು ಎಲೆ ಅಡಿಕೆ ಹಾಕುತ್ತಿದ್ದರು. ಬಿಳಿ ಗುಂಡಿಯ ಪಕ್ಕ ಈಗ ಸಣ್ಣ ಪರದೆ ಬಂದಿತ್ತು. ಗುಂಡಿ ಒತ್ತಿದರೆ ಅದು ಕೇಳುತ್ತಿತ್ತು: ಯಾವುದಕ್ಕಾಗಿ ಕಾಯುತ್ತಿದ್ದೀರಿ?

"ಕೆಸರಿಗೆ," ಎಂದು ನೇತ್ರಾ ಪ್ರತಿ ಸಲವೂ ಹೇಳಿದಳು. ಮೇಜಿನ ಮೇಲೆ ನಮ್ಮ ದೋಣಿಗಳು ಪೇಟೆಯ ಓಣಿಗೆ ಹೋದವು. ಹಮ್ಮಣ್ಣ ಅಕ್ಕಿ ಚೀಲ ಎಣಿಸಿದವನ ಹಾಗೆ ತಲೆ ಅಲ್ಲಾಡಿಸಿದ. ಕಡ್ಡಿಗಳು ತಗ್ಗಲಿಲ್ಲ. ಎರಡನೇ ಮಳೆಗಾಲ ದಾಟಿದಾಗ ಪಡುವಣ ಅಂಚು ಒಂದು ಬೆರಳು ಮೇಲೆ ಬಂದಿತ್ತು.

ಐವತ್ತೊಂದನೇ ಸರದಿ. ಹಿಂದಿನ ಆಟಗಳಲ್ಲಿ ಕೂರ್ವೆ ಮುಳುಗುತ್ತಿದ್ದದ್ದು ಇಷ್ಟೊತ್ತಿಗೇ, ಹಿಂದೆ ಕೂತವರು ಮುಂದಕ್ಕೆ ಬಗ್ಗಿದರು. ಸಮುದ್ರದ ಕುರ್ಚಿ ದೊಡ್ಡ ಭರತಿ ಎತ್ತಿತು. ನೇತ್ರಾಳ ಕೈ ಬಿಳಿ ಗುಂಡಿಯ ಕಡೆ ಹೋಯಿತು.

"ನೀರು ನೋಡು," ಎಂದೆ.

ಅವಳು ಮೇಜು ನೋಡಿದಳು. ಹಿಂದೆ ಕಾದ ಸರದಿಗಳಲ್ಲಿ ನೀರಿನ ಬೆಳಕು ಕೆಸರಿನ ಹಾಗೆ ಕೆಂಪಾಗಿತ್ತು. ಈ ಸಲದ್ದು ತಿಳಿ ನೀಲಿ. ಯಂತ್ರವೂ ನನ್ನ ಮೊಳೆಯನ್ನು ಮರೆತಿರಲಿಲ್ಲ.

ಅವಳ ಕೈ ಅರ್ಧಕ್ಕೇ ತಿರುಗಿತು. "ಕದ ತೆಗಿ," ಎನ್ನುತ್ತ ಕದದ ಗುಂಡಿ ಒತ್ತಿದಳು. "ಎಲ್ಲಾ ತೆಗಿ. ಹಮ್ಮಣ್ಣ ಮಾಮ, ನೀವೂ."

ಹಮ್ಮಣ್ಣ ಒಂದು ಗಳಿಗೆ ನನ್ನ ಮುಖ ನೋಡಿ ತನ್ನ ಕದಗಳನ್ನೂ ತೆಗೆದ. ನೀಲಿ ಬೆಳಕು ಬಂದಹಾಗೆ ಇಳಿದುಹೋಯಿತು. ಶಾಲೆಯ ಹಿಂದಿನ ತಗ್ಗಿನಲ್ಲಿ ಸ್ವಲ್ಪ ಉಳಿಯಿತು, ಅಷ್ಟೆ. ಐವತ್ತೆರಡು. ಐವತ್ತಮೂರು. ಐವತ್ತೇಳನೇ ಸರದಿಗೆ ಎಲ್ಲ ಕಡ್ಡಿಗಳೂ ಒಮ್ಮೆಲೇ ನಿಂತವು, ದೀಪ ಹತ್ತಿತು. ಆಟ ಮುಗಿದಿತ್ತು. ಹಮ್ಮಣ್ಣನ ಕೈ ಮೀನಿನ ಗುಂಡಿಯ ಹತ್ತಿರ ಹೋಗುವುದರೊಳಗೆ.

ಕೂರ್ವೆ ಇತ್ತು. ಮೂವತ್ತೆಂಟು ಮನೆ, ಶಾಲೆ, ಕಟ್ಟೆ.

ಶಾಂಭವಿ ಅಂಕಗಳನ್ನು ಓದಿದಳು. ಪೇಟೆಗೂ ಹಿಂದಿನ ಎಲ್ಲ ಆಟಕ್ಕಿಂತ ಹೆಚ್ಚು ಬಂದಿತ್ತು. ಅಲೆಯನ್ನು ಮೊದಲು ತಡೆಯುವುದು ನಮ್ಮ ಕೂರ್ವೆ, ಅದು ನಿಂತರೆ ಅವರ ಓಣಿಗೆ ಬರುವ ನೀರು ಮೊಣಕಾಲಿನಿಂದ ಹಿಮ್ಮಡಿಗೆ ಇಳಿಯುತ್ತದೆ ಎಂದಳು. ಯಂತ್ರದ ಸಾವಿರ ಆಟದ ಪೈಕಿ ಒಂಬೈನೂರಕ್ಕೂ ಹೆಚ್ಚಿನದರಲ್ಲಿ ಹೀಗೇ ಆಗಿದೆ ಎಂದೂ ಹೇಳಿದಳು. ಹಿಂದೆ ಕೂತವರಲ್ಲಿ ಗಣಪಿ ಸೆರಗಿನಿಂದ ಮುಖ ಒರೆಸಿಕೊಂಡಳು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ಎದ್ದು ಬೇಗ ಬೇಗ ದೋಣಿಯ ಕಡೆ ನಡೆದರು. ನನಗೆ ಕಾರಣ ಗೊತ್ತಿತ್ತು. ಸಂಜೆಯೊಳಗೆ ಮೂವತ್ತೆಂಟು ಮನೆಯ ಮುಡಿಗಳೂ ನೀರಿಗೆ ಬಿದ್ದವು.

ಕಗ್ಗ ಮೊಳೆತು, ಬಿತ್ತಿ, ಒಂದು ಗೇಣು ಎದ್ದಿತ್ತು. ಆಷಾಢದ ಹುಣ್ಣಿಮೆ. ಬೆಳಗಿನ ಭರತಿ ಏರುವ ಹೊತ್ತಿಗೆ ನೇತ್ರಾಳ ಮೊಬೈಲಿಗೆ ಕದದ ಯಂತ್ರದ ಮಾತು ಬಂತು. ಅವಳು ಓದಿದಳು: "ಒಂದು ಭರತಿ ಕಾಯಲಿದ್ದೇನೆ. ಕೆಸರಿಗಾಗಿ. ದಯವಿಟ್ಟು ಒಬ್ಬರು ನೀರು ನೋಡಿ ಹೇಳಿ."

ಈ ಕೊನೆಯ ಸಾಲನ್ನು ಶಾಂಭವಿ ಸೇರಿಸಿದ್ದಳು. ನೀರಿನೊಳಗೆ ಬಿಟ್ಟ ಕಣ್ಣು ಹೇಳಿದರೂ, ಮನುಷ್ಯರೊಬ್ಬರು ಹೇಳಿದ ಮೇಲೆಯೇ ಕದ ಕಾಯಬೇಕು ಎಂದು ನಿಯಮದಲ್ಲಿ ಬರೆಸಿದ್ದಳು.

ಕಟ್ಟೆಯ ಮೇಲೆ ನಡೆದು ಹಳೆಯ ಬಾಗಿಲಿದ್ದ ಜಾಗಕ್ಕೆ ಬಂದೆವು. ನಾನು ಸೀರೆ ಎತ್ತಿ ಕಟ್ಟಿ ನೀರಿಗೆ ಇಳಿದೆ. ಸೊಂಟದ ಮಟ್ಟಕ್ಕೆ ಹೋಗಲು ನೇತ್ರಾ ಬಿಡಲಿಲ್ಲ. ಬಗ್ಗಿ ಬೊಗಸೆ ತುಂಬ ನೀರು ತೆಗೆದುಕೊಂಡೆ. ಬೆಳಕಿಗೆ ಹಿಡಿದು, ಬಹಳ ಹೊತ್ತು ನೋಡಿದೆ.

"ಎಂತ ಹೇಳ್ಲಿ?" ಎಂದಳು ನೇತ್ರಾ, ಮೊಬೈಲ್ ಬಾಯಿಯ ಹತ್ತಿರ ಹಿಡಿದು.

"ನೀನೂ ನೋಡು."

ಅವಳೂ ಇಳಿದು ಬಂದು ನನ್ನ ಕೈಯೊಳಗೆ ಬಗ್ಗಿ ನೋಡಿದಳು. ನೀರು ಗುಡ್ಡದ ಮಣ್ಣಿನ ಬಣ್ಣಕ್ಕಿತ್ತು. ನನ್ನ ಅಂಗೈಯ ಒಂದು ಗೆರೆಯೂ ಕಾಣಲಿಲ್ಲ.

"ಕಾಯ್ಲಿ," ಎಂದಳು ಅವಳು ಮೊಬೈಲಿಗೆ. ದೂರದಲ್ಲಿ ನಮ್ಮ ಕಡೆಯ ಕದಗಳು ಅರ್ಧಕ್ಕೆ ಇಳಿದು ನಿಂತವು. ಕೂರ್ವೆಯ ದೋಣಿಗಳು ಪೇಟೆಯ ಓಣಿಯ ಕಡೆ ಹೊರಟವು. ನಾವಿಬ್ಬರೂ ಕಟ್ಟೆಯ ಮೇಲೆ ಕೂತು ಕೆಸರು ಕೂರುವುದನ್ನು ನೋಡಿದೆವು.